ಏರ್‌ಫೀಲ್ಡ್ ಡ್ರೈವಿಂಗ್ ಡೇಗೆ ಹೊರಟವರಿಗೆ: ಬ್ರೇಕ್ ಆಯಿಲ್ ಕುದಿಯುವುದು ಕಾರು ನಿಂತ ಮೇಲೆ

ಓನರ್ಸ್ ಕ್ಲಬ್ಬೊಂದು ಹಳೆಯ ಏರ್‌ಫೀಲ್ಡ್‌ನಲ್ಲಿ ನಡೆಸಿದ ಡ್ರೈವಿಂಗ್ ಡೇಯಲ್ಲಿ ಒಂದು ಟರ್ಬೊ ಪೆಟ್ರೋಲ್ ಸೆಡಾನ್ ರನ್‌ವೇ ಮುಗಿದರೂ ನಿಲ್ಲದೆ ಹುಲ್ಲಿಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಬಂಪರ್, ರೇಡಿಯೇಟರ್, ಅಡಿಯ ಕವಚ ಹಾಳಾದವು. ಕ್ಲಬ್ಬಿನ ಹೆಸರಾಗಲಿ ಕಾರಿನ ಹೆಸರಾಗಲಿ ಇಲ್ಲಿ ಮುಖ್ಯವಲ್ಲ. ಆ ದಿನದ ಏರ್ಪಾಟು ಹೇಗಿತ್ತೋ ಹಾಗೆಯೇ ಬೇರೆ ಎಷ್ಟೋ ಕಡೆ ಇರುತ್ತದೆ, ಆದ್ದರಿಂದ ಏನಾಯಿತು, ಏಕಾಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಒಂದು ಹಗುರ ಟೂ ಸೀಟರ್, ಈ ಸೆಡಾನ್, ಒಂದು ಎಲೆಕ್ಟ್ರಿಕ್ ಕಾರು, ಇವುಗಳಲ್ಲಿ ಯಾವುದು ಎಷ್ಟು ವೇಗ ಎಂದು ಹೋಲಿಸಿ ನೋಡುವುದು ಉದ್ದೇಶ. ಎಲ್ಲವೂ ಒಂದೇ ತುದಿಯಿಂದ ಫುಲ್ ಥ್ರಾಟಲ್‌ನಲ್ಲಿ ಹೊರಟು, ಬ್ರೇಕ್ ಹಿಡಿಯುವ ಜಾಗಕ್ಕೆ ಗುರುತಾಗಿಟ್ಟ ಒಂದೇ ಕೋನ್ ಬಳಿ ಬ್ರೇಕ್ ಹಿಡಿದು, ರನ್‌ವೇ ಪಕ್ಕದ ದಾರಿಯಾದ ಟ್ಯಾಕ್ಸಿವೇಯಲ್ಲಿ ಮರಳಿ ಬಂದು ಸಾಲಿನಲ್ಲಿ ನಿಲ್ಲಬೇಕು. ಸೆಡಾನ್ ಬೆನ್ನುಬೆನ್ನಿಗೆ ಮೂರು ರನ್ ಮಾಡಿತು. ಮೂರನೆಯದರಲ್ಲೂ ಪೆಡಲ್ ಗಟ್ಟಿಯಾಗಿಯೇ ಇತ್ತು, ಕಾರು ಚೆನ್ನಾಗಿ ನಿಂತಿತು. ಬಂದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದರು. ಟೈಮಿಂಗ್ ಬಗ್ಗೆ ಸುಮಾರು 10 ನಿಮಿಷ ಚರ್ಚೆಯಾಯಿತು. ನಾಲ್ಕನೇ ರನ್ನಿಗೆ ಸಾಲಿನಲ್ಲಿ ಮುಂದೆ ಸರಿಯುವಾಗಲೇ ಪೆಡಲ್ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು. ನಡಿಗೆಯ ವೇಗದಲ್ಲಿ ಕಾರು ಹೇಗೂ ನಿಲ್ಲುತ್ತದೆ, ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೋನ್ ಹತ್ತಿರ, ಗಂಟೆಗೆ 220 ಕಿ.ಮೀ. ವೇಗದಲ್ಲಿ, ಪೆಡಲ್ ನೇರ ನೆಲ ಮುಟ್ಟಿತು. ಆ ವೇಗಕ್ಕೆ ಒಂದು ಸೆಕೆಂಡಿಗೆ 61 ಮೀಟರ್ ದಾರಿ ಕಳೆದುಹೋಗುತ್ತದೆ. ಮೂರನೇ ಸಲ ತುಳಿದಾಗ ಸ್ವಲ್ಪ ಹಿಡಿತ ಸಿಕ್ಕಿತು, ಅಷ್ಟರಲ್ಲಿ ರನ್‌ವೇ ಮುಗಿದಿತ್ತು.

ಮೂರು ಸಲ ಸರಿಯಾಗಿ ಹಿಡಿದ ಬ್ರೇಕ್ ಸುಮ್ಮನೆ ನಿಂತ ಮೇಲೆ ಹೋದದ್ದು ಹೇಗೆ? ಲೆಕ್ಕ ಹಾಕಿ ನೋಡಿ. 1,600 ಕೆ.ಜಿ. ತೂಕದ ಕಾರನ್ನು 220ರಿಂದ 60ಕ್ಕೆ ಇಳಿಸಲು ಸುಮಾರು 28 ಲಕ್ಷ ಜೂಲ್ ಶಕ್ತಿಯನ್ನು ಶಾಖವಾಗಿ ಕಳೆಯಬೇಕು. ರಸ್ತೆಯಲ್ಲಿ 100ರಿಂದ ಪೂರ್ತಿ ನಿಲ್ಲಿಸುವಾಗ ಆಗುವುದರ ಸುಮಾರು ನಾಲ್ಕೂವರೆ ಪಟ್ಟು ಇದು. ಇದರಲ್ಲಿ ಮುಕ್ಕಾಲು ಪಾಲಿನಷ್ಟು ಮುಂದಿನ ಎರಡು ಡಿಸ್ಕ್‌ಗಳ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆಗಳ) ಪಾಲು. ಒಂದೊಂದು ಡಿಸ್ಕ್ 10 ಕೆ.ಜಿ. ಇದ್ದರೆ ಒಂದೇ ಸಲದ ಬ್ರೇಕಿಂಗ್‌ಗೆ ಅದರ ಬಿಸಿ 200 ಡಿಗ್ರಿಗಿಂತ ಹೆಚ್ಚು ಏರುತ್ತದೆ. ಟ್ಯಾಕ್ಸಿವೇಯಲ್ಲಿ ನಿಧಾನವಾಗಿ ಬರುವಾಗ ಅದರಲ್ಲಿ ಒಂದಷ್ಟು ಮಾತ್ರ ಆರುತ್ತದೆ, ಅಷ್ಟರಲ್ಲಿ ಮತ್ತೊಂದು ರನ್.

ಕಾರು ಓಡುತ್ತಿರುವಷ್ಟು ಹೊತ್ತು ಗಾಳಿ ಡಿಸ್ಕನ್ನು ತಣಿಸುತ್ತಿರುತ್ತದೆ. ನಿಂತ ಕ್ಷಣವೇ ಗಾಳಿ ನಿಲ್ಲುತ್ತದೆ, ಶಾಖ ಹೊರಹೋಗುವುದು ಬಹಳ ಕಡಿಮೆಯಾಗುತ್ತದೆ. ಅದು ಡಿಸ್ಕಿನಿಂದ ಅದನ್ನು ಅದುಮಿ ಹಿಡಿಯುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ತಳ್ಳುವ ಕ್ಯಾಲಿಪರ್ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಅದರ ಹಿಂದಿನ ಬ್ರೇಕ್ ಆಯಿಲ್‌ಗೆ ಹರಿಯುತ್ತದೆ. ಡಿಸ್ಕ್ ತಣ್ಣಗಾಗುತ್ತಿರುವಾಗ ಕ್ಯಾಲಿಪರ್ ಇನ್ನೂ ಬಿಸಿಯಾಗುತ್ತಲೇ ಇರುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಕಟ್ಟಿತೆಂದರೆ ಪೆಡಲ್ ಒತ್ತಿದ್ದೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿಯುತ್ತದೆ, ಪ್ಯಾಡಿನವರೆಗೆ ಒತ್ತಡ ತಲುಪುವುದಿಲ್ಲ.

ಬಿಚ್ಚಿ ನೋಡಿದಾಗ ಡಿಸ್ಕ್‌ಗಳು ಸರಿಯಾಗಿದ್ದವು. ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಒಣಗಿ ಬಿರುಕು ಬಿಟ್ಟಿತ್ತು. ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್‌ನಿಂದ ಬಂದ ಆಯಿಲ್ ಕಡು ಕಂದು. ಪ್ಯಾಡಿನಲ್ಲಿ ಉಳಿದಿದ್ದ ದಪ್ಪ 4 ಮಿ.ಮೀ. ಅಪಘಾತದ ಮೂಲ ಈ ಕೊನೆಯ ಎರಡರಲ್ಲೇ ಇದೆ.

ಬ್ರೇಕ್ ಆಯಿಲ್ ದರ್ಜೆಗಳಲ್ಲಿ ಒಂದಾದ ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ನೀರಿನಂಶ ಶೇ. 3.7ರ ಆಸುಪಾಸಿಗೆ ಬಂದಾಗ ಅದೇ ಆಯಿಲ್‌ಗೆ ಮಾನದಂಡ ಕೇಳುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ರೇಸಿಂಗ್‌ಗೆಂದೇ ಮಾಡಿದ ಆಯಿಲ್‌ಗಳು ಹೊಸದರಲ್ಲಿ 300 ಡಿಗ್ರಿ ದಾಟುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಿಸಬೇಕು. ಹೆಸರು ನೋಡಿ ಮೋಸಹೋಗಿ ಡಾಟ್ 5 ತರಬೇಡಿ. ಅದು ಸಿಲಿಕೋನ್ ಆಯಿಲ್, ಉಳಿದವುಗಳ ಜೊತೆ ಬೆರೆಸುವಂತಿಲ್ಲ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಹೊಂದುವುದೂ ಇಲ್ಲ.

ಪ್ಯಾಡ್ ದಪ್ಪದ ವಿಷಯ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಡಿಸ್ಕಿಗೂ ಆಯಿಲ್‌ಗೂ ನಡುವೆ ಶಾಖ ತಡೆಯುವ ಗೋಡೆಯೇ ಪ್ಯಾಡು. ಹೊಸದರಲ್ಲಿ 10ರಿಂದ 12 ಮಿ.ಮೀ. ಇರುವುದು 4ಕ್ಕೆ ಇಳಿದರೆ ದಿನನಿತ್ಯದ ಓಡಾಟಕ್ಕೆ ಇನ್ನೂ ಸಾಕು, ಏರ್‌ಫೀಲ್ಡಿಗೆ ಸಾಲದು. ಅರ್ಧಕ್ಕಿಂತ ಕಡಿಮೆ ಉಳಿದಿರುವ ಪ್ಯಾಡ್ ಹಾಕಿಕೊಂಡು ಹೋಗಲೇಬೇಡಿ. ಹೊಸ ಪ್ಯಾಡ್ ಹಾಕಿದರೆ ಅದನ್ನು ಮೊದಲೇ ಪಳಗಿಸಿ: ಖಾಲಿ ಜಾಗದಲ್ಲಿ 100ರಿಂದ 20ರವರೆಗೆ, ಪೂರ್ತಿ ನಿಲ್ಲಿಸದೆ, 8–10 ಸಲ ಗಟ್ಟಿಯಾಗಿ ಬ್ರೇಕ್ ಹಿಡಿದು, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಬೇಕು.

ಆಯಿಲನ್ನು ಆ ದಿನಕ್ಕೆ ಒಂದೆರಡು ವಾರ ಮುಂಚೆ ಪೂರ್ತಿ ಬದಲಿಸಿ. ಸೀಲ್ ಒಡೆಯದ ಬಾಟಲಿಯೇ ಬೇಕು, 1 ಲೀಟರ್ ಇದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಯಾವ ಚಕ್ರದಿಂದ ಶುರುಮಾಡಬೇಕೆಂದು ಕಾರಿನ ಸರ್ವಿಸ್ ಮ್ಯಾನುಯಲ್ ಹೇಳುತ್ತದೆ, ಬಹಳಷ್ಟು ಕಾರುಗಳಲ್ಲಿ ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ್ದು ಮೊದಲು. ನಿಪ್ಪಲ್‌ನಲ್ಲಿ ತಿಳಿಯಾದ ಆಯಿಲ್ ಬರುವ ತನಕ ನಿಲ್ಲಿಸಬೇಡಿ, ನಡುವೆ ಆಯಿಲ್ ತುಂಬುವ ರಿಸರ್ವಾಯರ್ ಖಾಲಿಯಾಗಲು ಬಿಡಬೇಡಿ. ಗಾಳಿ ಒಳಹೊಕ್ಕು ಎಬಿಎಸ್ ಘಟಕಕ್ಕೆ ಸೇರಿದರೆ ಅದನ್ನು ಹೊರತೆಗೆಯಲು ಅನೇಕ ಕಾರುಗಳಿಗೆ ಸ್ಕ್ಯಾನ್ ಟೂಲ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಬೇಕಾಗುತ್ತದೆ. ರಿಸರ್ವಾಯರಿನಲ್ಲಿ ಇರುವುದನ್ನಷ್ಟೇ ಹೀರಿ ಹೊಸದು ಸುರಿದರೆ ಏನೂ ಪ್ರಯೋಜನವಿಲ್ಲ, ಕುದಿಯುವ ಆಯಿಲ್ ಕ್ಯಾಲಿಪರಿನಲ್ಲೇ ಉಳಿದಿರುತ್ತದೆ.

ಇನ್ನು ಏರ್ಪಾಟಿನ ತಪ್ಪು. ಎಲ್ಲರಿಗೂ ಒಂದೇ ಬ್ರೇಕಿಂಗ್ ಕೋನ್ ಇಟ್ಟದ್ದೇ ಮೊದಲ ತಪ್ಪು. 200ರಲ್ಲಿ ಬರುವ ಕಾರಿಗೂ 240ರಲ್ಲಿ ಬರುವ ಕಾರಿಗೂ ತೂಕ ಒಂದೇ ಇದ್ದರೂ ಶಕ್ತಿಯಲ್ಲಿ ಶೇ. 44ರಷ್ಟು ವ್ಯತ್ಯಾಸ. ತೂಕವೂ ಹೆಚ್ಚಿದ್ದರೆ ಕೇಳುವುದೇ ಬೇಡ. 220ರಿಂದ ಪೂರ್ತಿ ನಿಲ್ಲಲು ಒಣ ನೆಲ, ಒಳ್ಳೆಯ ಟೈರ್, ಗಟ್ಟಿ ಬ್ರೇಕ್ ಇದ್ದರೂ ಸುಮಾರು 190 ಮೀಟರ್ ಬೇಕು. ಕೋನಿನಿಂದ ರನ್‌ವೇ ಕೊನೆಗೆ ಇದರ ಎರಡು ಪಟ್ಟಾದರೂ ಜಾಗ ಉಳಿದಿಲ್ಲವಾದರೆ ಆ ಕೋನನ್ನು ನಂಬಬೇಡಿ, ನೀವೇ ಮುಂಚೆ ಬ್ರೇಕ್ ಹಿಡಿಯಿರಿ. ರನ್‌ವೇ ವಿಶಾಲವಾಗಿರುವುದರಿಂದ, ಅಕ್ಕಪಕ್ಕ ಮರ, ಗೋಡೆ ಯಾವುದೂ ಇಲ್ಲದಿರುವುದರಿಂದ, 220 ಎಂಬುದು 140ರಂತೆ ಅನಿಸುತ್ತದೆ. ಕಣ್ಣಂದಾಜು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಾಲ್ಕನೇ ರನ್ ಏಕೆ ಬೇಕಾಯಿತು ಎಂಬುದನ್ನೂ ನೋಡಬೇಕು. ಮೊದಲ ಮೂರರ ಫಲಿತಾಂಶ ಒಂದಕ್ಕೊಂದು ತಾಳೆಯಾಗಿರಲಿಲ್ಲ, ಅದಕ್ಕೇ "ಇನ್ನೊಂದು ಸಲ ನೋಡೋಣ" ಎಂದು ಹೊರಟದ್ದು. ತಾಳೆಯಾಗುವಂತೆಯೂ ಇರಲಿಲ್ಲ. ಒಬ್ಬರು ಸ್ಪೀಡೋಮೀಟರ್ ನೋಡಿ ಹೇಳುತ್ತಿದ್ದರು. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಹೆಚ್ಚು ತೋರಿಸಬಹುದು: ಶೇ. 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ. ಅಂದರೆ ನಿಜವಾದ 200 ಮುಳ್ಳಿನಲ್ಲಿ 224 ಆಗಿ ಕಂಡರೂ ನಿಯಮದೊಳಗೇ ಇದೆ. ಇನ್ನೊಬ್ಬರ ಕೈಯಲ್ಲಿ ಫೋನ್ ಆ್ಯಪ್. ಬಹಳಷ್ಟು ಫೋನುಗಳ ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ಅಳೆಯುತ್ತದೆ, 0–100ರ ಹೋಲಿಕೆಗೆ ಅದು ಏತಕ್ಕೂ ಸಾಲದು. ಸೆಕೆಂಡಿಗೆ ಕನಿಷ್ಠ 10 ಸಲ ಅಳೆಯುವ ಉಪಕರಣ ಬೇಕು, ಎಲ್ಲ ಕಾರಿಗೂ ಅದೊಂದನ್ನೇ ಬಳಸಬೇಕು. ಎಲ್ಲರೂ ಒಂದೇ ದಿಕ್ಕಿಗೆ ಓಡಿದ್ದರಿಂದ ಗಾಳಿ ಮತ್ತು ಇಳಿಜಾರಿನ ಪಾಲೂ ಅಂಕಿಯಲ್ಲಿ ಸೇರಿಕೊಂಡಿತ್ತು. ವೇಗದ ದಾಖಲೆ ಯತ್ನಗಳಲ್ಲಿ ಒಂದು ಗಂಟೆಯೊಳಗೆ ಎರಡೂ ದಿಕ್ಕಿಗೆ ಓಡಿ ಸರಾಸರಿ ತೆಗೆಯುವುದು ಇದೇ ಕಾರಣಕ್ಕೆ. ಸಾಲದ್ದಕ್ಕೆ ಬೆನ್ನುಬೆನ್ನಿಗೆ ಓಡಿಸಿದ ಟರ್ಬೊ ಕಾರಿನಲ್ಲಿ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಸಿಯೇರಿ ಎಂಜಿನ್ ಶಕ್ತಿ ಕುಗ್ಗುತ್ತದೆ. ಎಲೆಕ್ಟ್ರಿಕ್ ಕಾರು ಬ್ಯಾಟರಿ ಬಿಸಿಯಾದಂತೆ ತಾನೇ ಶಕ್ತಿ ತಗ್ಗಿಸುತ್ತದೆ. ಬ್ಯಾಟರಿ ತುಂಬಿದ್ದರೆ ರೀಜನರೇಟಿವ್ ಬ್ರೇಕಿಂಗ್ (ಮೋಟಾರಿನಿಂದಲೇ ವೇಗ ತಗ್ಗಿಸಿ ಬ್ಯಾಟರಿ ತುಂಬುವುದು) ಕೂಡ ಕಡಿಮೆಯಾಗಿ ಡಿಸ್ಕ್‌ಗಳ ಮೇಲೆ ಹೊರೆ ಹೆಚ್ಚುತ್ತದೆ. ಹೀಗೆ ತಪ್ಪಾಗಿ ಅಳೆದಷ್ಟೂ ಮತ್ತೆ ಓಡಿಸಬೇಕೆನಿಸುತ್ತದೆ, ಓಡಿಸಿದಷ್ಟೂ ಬ್ರೇಕ್ ಬಿಸಿಯೇರುತ್ತದೆ. ದಿಕ್ಕಿಗೊಂದರಂತೆ ಎರಡು ರನ್, ನಡುವೆ ಸಾಕಷ್ಟು ವಿರಾಮ, ಇಷ್ಟೇ ಇರಲಿ. ಅಷ್ಟರಲ್ಲಿ ತಿಳಿಯದ ವ್ಯತ್ಯಾಸ ನಾಲ್ಕನೆಯದರಲ್ಲೂ ತಿಳಿಯುವುದಿಲ್ಲ.

ವಿರಾಮಕ್ಕೂ ಒಂದು ಕ್ರಮವಿದೆ. ಜೋರಾದ ಬ್ರೇಕಿಂಗ್ ಆದ ಮೇಲೆ ನೇರ ಸಾಲಿಗೆ ಬಂದು ನಿಲ್ಲಬೇಡಿ. ಟ್ಯಾಕ್ಸಿವೇಯಲ್ಲಿ 60–80ರ ವೇಗಕ್ಕೆ ಅನುಮತಿಯಿದ್ದರೆ ಬ್ರೇಕ್ ಮುಟ್ಟದೆ ಇನ್ನೊಂದು ಸುತ್ತು ಹಾಕಿ. ನಿಂತಾಗ ಪೆಡಲ್ ತುಳಿದುಕೊಂಡಿರಬೇಡಿ, ಹ್ಯಾಂಡ್‌ಬ್ರೇಕೂ ಬೇಡ. ಗೇರಿನಲ್ಲೋ ಪಾರ್ಕ್‌ನಲ್ಲೋ ಇಟ್ಟು ಚಕ್ರ ಉರುಳದಂತೆ ಮರದ ತುಂಡೋ ಕಲ್ಲೋ ಅಡ್ಡ ಕೊಡಿ. ಮತ್ತೆ ಹೊರಡುವ ಮುಂಚೆ ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಹಿಡಿದು ಐದು ಎಣಿಸಿ. ಬೆಳಿಗ್ಗೆ ಇದ್ದದ್ದಕ್ಕಿಂತ ಒಂದು ಬೆರಳಿನಷ್ಟು ಕೆಳಗಿಳಿದರೂ ಆ ದಿನಕ್ಕೆ ಆ ಕಾರಿನ ಓಟ ಮುಗಿಯಿತು. ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾದಂತೆ ಕಾಣುತ್ತದೆ, ಆದರೆ ಒಮ್ಮೆ ಕುದಿದ ಆಯಿಲನ್ನು ಬದಲಿಸದೆ ಮತ್ತೆ ನಂಬುವಂತಿಲ್ಲ.

ಟೈರಿನ ಬದಿಯಲ್ಲಿ ಅದು ತಾಳುವ ಗರಿಷ್ಠ ವೇಗವನ್ನು ಹೇಳುವ ಅಕ್ಷರ ನೋಡಿ: ಎಚ್ 210, ವಿ 240, ಡಬ್ಲ್ಯೂ 270. ಚಕ್ರದ ನಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬೆಳಿಗ್ಗೆ ಬಿಗಿದು, ಚಕ್ರ ಆರಿದ ಮೇಲೆ ಮತ್ತೆ ಪರೀಕ್ಷಿಸಿ. ಕಾಲಡಿಯ ಮ್ಯಾಟ್, ಬಾಟಲಿ ಎಲ್ಲ ಹೊರಗಿಡಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ "ರೇಸಿಂಗ್" ಎಂಬುದರ ಪಕ್ಕದಲ್ಲೇ "ವೇಗ ಪರೀಕ್ಷೆ" ಎಂದೂ ಇದೆಯೇ ಓದಿಕೊಳ್ಳಿ. ಅನೇಕ ಪಾಲಿಸಿಗಳಲ್ಲಿ ಇರುತ್ತದೆ, ಇದ್ದರೆ ಏರ್‌ಫೀಲ್ಡಿನ ಹಾನಿಗೆ ಹಣ ಬರುವುದಿಲ್ಲ.

ಇಷ್ಟಾಗಿಯೂ ಪೆಡಲ್ ನೆಲ ಮುಟ್ಟಿದರೆ ತಡಮಾಡದೆ ಬೇಗ ಬೇಗ ತುಳಿಯಿರಿ, ಎರಡು ಮೂರು ಸಲಕ್ಕೆ ಒತ್ತಡ ಕಟ್ಟಬಹುದು. ಗೇರನ್ನು ಒಂದೊಂದೇ ಇಳಿಸಿ. ಲಿವರ್ ಇರುವ ಹ್ಯಾಂಡ್‌ಬ್ರೇಕ್ ಆಗಿದ್ದರೆ ಬಟನ್ ಒತ್ತಿಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂಬದಿ ತಿರುಗುತ್ತದೆ. ಹುಲ್ಲಿಗೆ ಇಳಿಯುವುದು ಖಚಿತವೆಂದಾದರೆ ಸ್ಟೀರಿಂಗ್ ನೇರವಾಗಿಡಿ, ಅಡ್ಡಡ್ಡ ಇಳಿದ ಕಾರಿನ ಚಕ್ರ ಮಣ್ಣಿಗೆ ಕಚ್ಚಿದರೆ ಕಾರು ಮಗುಚುತ್ತದೆ. ನಿಂತ ಕೂಡಲೇ ಎಂಜಿನ್ ಆಫ್ ಮಾಡಿ ಎಲ್ಲರೂ ಹೊರಗೆ ಬನ್ನಿ. ಅಡಿಯಲ್ಲಿ ಕಾದ ಎಕ್ಸಾಸ್ಟ್ ಒಣ ಹುಲ್ಲಿಗೆ ತಾಗಿ ಬೆಂಕಿ ಹೊತ್ತಬಹುದು, ಅಗ್ನಿಶಾಮಕ ಸಿಲಿಂಡರ್ ಸೀಟಿನ ಮುಂದೆ ಕೈಗೆ ಸಿಗುವ ಹಾಗೆ ಬಿಗಿದಿರಲಿ, ಡಿಕ್ಕಿಯಲ್ಲಿ ಬೇಡ.