ದೊಡ್ಡಾಸ್ಪತ್ರೆಯೋ, ನರ್ಸಿಂಗ್ ಹೋಮೋ: ಎರಡೂ ಕಡೆ ಇಂಟರ್ನ್‌ಶಿಪ್ ಮಾಡಿ ನೋಡಿದ್ದು

ಬಿಬಿಎಯಲ್ಲಿ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ತಗೊಂಡವರಿಗೆ ದಾವಣಗೆರೆಯಲ್ಲಿ ಇಂಟರ್ನ್‌ಶಿಪ್‌ಗೆ ಜಾಗದ ಬರ ಇಲ್ಲ. ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾಸ್ಪತ್ರೆ, ಅದರ ಮೇಲೆ ಸಾಕಷ್ಟು ನರ್ಸಿಂಗ್ ಹೋಮ್‌ಗಳು. ತಲೆನೋವು ಇರುವುದು ಆರಿಸುವುದರಲ್ಲಿ. ನಾನು ಮೊದಲು ಒಂದು ದೊಡ್ಡಾಸ್ಪತ್ರೆಯಲ್ಲಿ ಕೆಲಸ ಕಲಿತೆ, ಆಮೇಲೆ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ. ಹೆಸರು ಬೇಡ ಬಿಡಿ.

ದೊಡ್ಡಾಸ್ಪತ್ರೆಯಲ್ಲಿ ಎಲ್ಲಕ್ಕೂ ಒಂದು ವಿಭಾಗ, ಒಂದು ರಿಜಿಸ್ಟರ್, ಒಂದು ಸಹಿ. ನನ್ನನ್ನು ಹಾಕಿದ್ದು ಮೆಡಿಕಲ್ ರೆಕಾರ್ಡ್ಸ್‌ಗೆ. ಡಿಸ್ಚಾರ್ಜ್ ಆದವರ ಫೈಲು ವಾರ್ಡಿಂದ ಬಂದರೆ ಒಂದೊಂದೇ ಹಾಳೆ ತಿರುವಬೇಕು. ಒಪ್ಪಿಗೆ ಪತ್ರದಲ್ಲಿ ಸಹಿ ಇದೆಯಾ? ಹೆಬ್ಬೆಟ್ಟಾದರೆ ಪಕ್ಕದಲ್ಲಿ ಸಾಕ್ಷಿ ಸಹಿ ಇದೆಯಾ? ಡಿಸ್ಚಾರ್ಜ್ ಸಮ್ಮರಿಗೆ ಡಾಕ್ಟರ್ ಸಹಿ ಬಿದ್ದಿದೆಯಾ? ಇಲ್ಲ ಅಂದರೆ ಪಿಜಿ ಡಾಕ್ಟರ ಹಿಂದೆ ಅಲೆಯುವುದು ನಮ್ಮ ಪಾಲು. ಆಮೇಲೆ ಐಸಿಡಿ-10 (ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿ) ಕೋಡ್ ಬರೆಯಬೇಕು: ಟೈಪ್ 2 ಸಕ್ಕರೆ ಕಾಯಿಲೆಗೆ ಇ11, ಬಿಪಿಗೆ ಐ10. ಎಂಎಲ್‌ಸಿ (ಅಪಘಾತ, ಹೊಡೆದಾಟದಂಥ ಪೊಲೀಸ್ ಕೇಸಿನ) ಫೈಲುಗಳು ಬೇರೆ ಬೀರುವಿನಲ್ಲಿ, ಬೀಗ ಹಾಕಿ. ಬೋರ್ ಹೊಡೆಯುತ್ತೆ, ಸುಳ್ಳು ಯಾಕೆ ಹೇಳಲಿ.

ಅಲ್ಲೇ ಸ್ವಲ್ಪ ದಿನ ಆಯುಷ್ಮಾನ್ ಡೆಸ್ಕ್‌ನಲ್ಲೂ ಕೂರಿಸಿದರು. ಈ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ. 30. ಇಷ್ಟು ನೋಟ್ಸ್‌ನಲ್ಲೂ ಸಿಗುತ್ತೆ. ಜಗಳೂರಿಂದ ಬೆಳಗಿನ ಬಸ್ಸಿಗೆ ಬಂದ ಅಜ್ಜನಿಗೆ, "ತುರ್ತು ಅಲ್ಲ ಅಂದ್ರೆ ಸರ್ಕಾರಿ ಆಸ್ಪತ್ರೆ ರೆಫರಲ್ ಬೇಕು ಅಜ್ಜಾ, ಮೊದಲು ಚಿಗಟೇರಿಗೆ ಹೋಗಿ ಬನ್ನಿ" ಅಂತ ಹೇಳುವುದು ಹೇಗೆ ಅನ್ನೋದು ಯಾವ ನೋಟ್ಸ್‌ನಲ್ಲೂ ಇಲ್ಲ. "ಕಾರ್ಡ್ ಐತಲ್ಲವ್ವಾ, ಮತ್ತೆ ಚೀಟಿ ಯಾಕೆ?" ಅಂತಾರೆ. ಕೇಳೋದ್ರಲ್ಲಿ ತಪ್ಪೇನಿದೆ?

ನರ್ಸಿಂಗ್ ಹೋಮ್‌ನಲ್ಲಿ ವಿಭಾಗ ಅನ್ನೋದೇ ಇಲ್ಲ. ಡಾಕ್ಟರೇ ಮಾಲೀಕರು, ಅವರ ಮನೆಯವರು ಲೆಕ್ಕ ನೋಡ್ತಾರೆ, ಮಿಕ್ಕಿದ್ದೆಲ್ಲ ಮ್ಯಾನೇಜರ್ ಅಣ್ಣನ ತಲೆಗೆ. ಆಕ್ಸಿಜನ್ ಸಿಲಿಂಡರ್ ಎಷ್ಟು ಉಳಿದಿದೆ, ರಾತ್ರಿ ಪಾಳಿಗೆ ಯಾವ ಸಿಸ್ಟರ್ ಬರಲ್ಲ, ಮೆಡಿಕಲ್ ಶಾಪ್‌ನಲ್ಲಿ ಯಾವ ಔಷಧಿ ಎಕ್ಸ್‌ಪೈರಿ ಆಗ್ತಿದೆ, ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಕಾಗದ ಎಲ್ಲಿದೆ, ಎಲ್ಲ ಅವರಿಗೇ ಗೊತ್ತಿರಬೇಕು. ಕಸದ ವ್ಯಾನ್ ಬರಲಿಲ್ಲ ಅಂದರೆ ಫೋನ್ ಮಾಡೋದೂ ಅವರೇ, ಯಾಕಂದ್ರೆ ಆಸ್ಪತ್ರೆ ಕಸವನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಹಳದಿ, ಕೆಂಪು, ಬಿಳಿ, ನೀಲಿ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಬಳಸಿದ ಡ್ರಿಪ್ ಸೆಟ್ ಹಳದಿ ಚೀಲಕ್ಕೆ ಬಿದ್ದಾಗ ಅದನ್ನು ಕೆಂಪು ಚೀಲಕ್ಕೆ ಹಾಕಿಸಬೇಕು ಅಂತ ಆಯಾಗೆ ಬೇಜಾರಾಗದ ಹಾಗೆ ಹೇಳೋದನ್ನ ಇಲ್ಲಿ ಕಲಿತೆ.

ಇನ್ಶೂರೆನ್ಸ್ ಡಿಸ್ಚಾರ್ಜ್ ವಿಷಯಕ್ಕೆ ಬಂದರೆ ನರ್ಸಿಂಗ್ ಹೋಮ್‌ಗೇ ನನ್ನ ಓಟು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ಹೇಳಿದ ಪ್ರಕಾರ ಕ್ಯಾಶ್‌ಲೆಸ್‌ಗೆ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಮೊದಲ ಒಪ್ಪಿಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆ 3 ಗಂಟೆಯಲ್ಲಿ ಬರಬೇಕು. ಆದರೆ ಆ 3 ಗಂಟೆ ಲೆಕ್ಕಕ್ಕೆ ಬರೋದು ನಾವು ಬಿಲ್ ಕಳಿಸಿದ ಮೇಲೆ. ರೌಂಡ್ಸ್ ಮುಗಿಸಿ ಡಾಕ್ಟರ್ "ಮನೆಗೆ ಹೋಗಬಹುದು" ಅಂದ ಕೂಡಲೇ ಮನೆಯವರು ಗಂಟುಮೂಟೆ ಕಟ್ಟಿ ಕೌಂಟರ್ ಮುಂದೆ ನಿಲ್ತಾರೆ. ಇತ್ತ ಲ್ಯಾಬ್ ಬಿಲ್ ಸೇರಿಲ್ಲ, ಸಮ್ಮರಿ ಟೈಪ್ ಆಗಿಲ್ಲ. ಬೈಗುಳ ಮಾತ್ರ ಇನ್ಶೂರೆನ್ಸ್ ಕಂಪನಿಗೆ! ರೆಕಾರ್ಡ್ಸ್‌ನಲ್ಲಿ ಅಷ್ಟು ಫೈಲು ತಿರುವಿದ್ದಕ್ಕೆ ಎಲ್ಲಿ ತಡ ಆಗುತ್ತೆ ಅಂತ ನನಗೆ ಅಂದಾಜಿತ್ತು. ಮಾರನೇ ದಿನ ಹೋಗುವವರ ಸಮ್ಮರಿಯನ್ನು ಹಿಂದಿನ ಸಂಜೆಯೇ ಕರಡು ಮಾಡಿಸಿಟ್ಟೆವು. ಕೌಂಟರ್ ಮುಂದಿನ ಗಲಾಟೆ ಕಮ್ಮಿಯಾಯ್ತು. ದೊಡ್ಡಾಸ್ಪತ್ರೆಯಲ್ಲಿ ಇಂಟರ್ನ್ ಮಾತಿಗೆ ಒಂದು ಪದ್ಧತಿ ಬದಲಾಗುತ್ತಾ? ಛೆ.

ಹಾಗಂತ ನರ್ಸಿಂಗ್ ಹೋಮ್‌ನಲ್ಲಿ ಎಲ್ಲ ಚೆಂದ ಅಂತಲ್ಲ. ಕೂತು ಹೇಳಿಕೊಡುವವರಿಲ್ಲ, ಸ್ಟೈಪೆಂಡ್ ಸಿಗಲಿಲ್ಲ, ರಿಸೆಪ್ಷನಿಸ್ಟ್ ರಜೆ ಹಾಕಿದರೆ ಆ ಕುರ್ಚಿ ನಮ್ಮದೇ. ಎನ್‌ಎಬಿಎಚ್ (ಆಸ್ಪತ್ರೆ ಗುಣಮಟ್ಟದ ಮಾನ್ಯತೆ) ಆಡಿಟ್ ತಯಾರಿ ನೋಡಬೇಕು, ಮುಂದೆ ಎಂಎಚ್‌ಎ (ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ) ಮಾಡಬೇಕು ಅನ್ನುವವರಿಗೆ ದೊಡ್ಡಾಸ್ಪತ್ರೆಯೇ ಸರಿ. ಡಿಗ್ರಿ ಮುಗಿದ ಕೂಡಲೇ ಕೆಲಸ ಹಿಡಿಯುವವರು ನರ್ಸಿಂಗ್ ಹೋಮ್‌ಗೆ ಹೋಗಿ. ಎರಡಕ್ಕೂ ಅವಕಾಶ ಇದ್ದರೆ ಮೊದಲು ದೊಡ್ಡದು, ಆಮೇಲೆ ಚಿಕ್ಕದು.

ಸರ್ಟಿಫಿಕೇಟ್ ದೊಡ್ಡಾಸ್ಪತ್ರೆಯಲ್ಲಿ ಅಚ್ಚಾದ ನಮೂನೆಯಲ್ಲೇ ಬರುತ್ತೆ. ನರ್ಸಿಂಗ್ ಹೋಮ್‌ನಲ್ಲಿ ಲೆಟರ್‌ಹೆಡ್ ಮೇಲೆ ನಾನೇ ಟೈಪ್ ಮಾಡಿದೆ, ಡಾಕ್ಟರ್ ಸಹಿ ಹಾಕಿದರು. ಬಿಲ್ಲಿಂಗ್, ಇನ್ಶೂರೆನ್ಸ್, ಸ್ಟೋರ್ಸ್ ಅಂತ ಮಾಡಿದ ಕೆಲಸವನ್ನೆಲ್ಲ ಬಿಡಿಸಿ ಬರೆಸಿಕೊಳ್ಳಿ. ಸುಮ್ನೆ "ತೃಪ್ತಿಕರ" ಅಂತ ಒಂದೇ ಸಾಲು ಇದ್ದರೆ ಇಂಟರ್‌ವ್ಯೂನಲ್ಲಿ ಯಾರೂ ಕೇಳಲ್ಲ.