ಕ್ಲಿಪ್ ಪಟ್ಟಿಯೋ, ಅಯಸ್ಕಾಂತವೋ, ರೆಕ್ಸಿನ್ ಸುರುಳಿಯೋ: ತೋಟದ ಟೂಲ್ ಬಾಕ್ಸಿನಲ್ಲಿ ಬಳಸಿ ನೋಡಿದ್ದು

ಸ್ಪ್ಯಾನರ್, ಸಾಕೆಟ್ (ನಟ್ಟಿನ ತಲೆಗೆ ಟೊಪ್ಪಿಯಂತೆ ಕೂರಿಸಿ ತಿರುಗಿಸುವ ಉಪಕರಣ) ಜೋಡಿಸಿಡುವ ಹೋಲ್ಡರುಗಳ ಬಗ್ಗೆ ಸಿಗುವ ಸಲಹೆಯೆಲ್ಲ ಹೆಚ್ಚುಕಡಿಮೆ ಗ್ಯಾರೇಜಿನವರದು. ಅವರ ಟೂಲ್ ಬಾಕ್ಸ್ ಎಂದರೆ ಚಕ್ರವಿರುವ, ಸಾಲು ಸಾಲು ಡ್ರಾಯರುಗಳ ಬೀರು. ಕೆಳಗೆ ಸಿಮೆಂಟ್ ನೆಲ, ಮೇಲೆ ಟ್ಯೂಬ್‌ಲೈಟ್. ನನ್ನದು ಅಡಿಕೆ ತೋಟದ ಪೆಟ್ಟಿಗೆ. ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುವ, ಹಿಡಿ ಬಿಡಿಸಿದರೆ ಎರಡೂ ಬದಿಗೆ ಎರಡೆರಡು ಟ್ರೇ ತೆರೆದುಕೊಳ್ಳುವ, ಐದು ಖಾನೆಯ ತಗಡಿನ ಡಬ್ಬ. ಅದು ಪಂಪ್‌ಶೆಡ್ಡಿಗೆ ಹೋಗುತ್ತದೆ, ಸ್ಪ್ರೇಯರ್ ಕೆಟ್ಟು ನಿಂತಲ್ಲಿಗೆ ಹೋಗುತ್ತದೆ, ಪಿಕಪ್ಪಿನ ಹಿಂದೆ ಕುಲುಕಿಕೊಂಡು ಗುಡ್ಡದ ಮೇಲಿನ ತೋಟಕ್ಕೂ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಣಗಿದ ವಸ್ತು ಅಂತ ಯಾವುದೂ ಇರುವುದಿಲ್ಲ. ಕೆಳಗಿನ ತೀರ್ಮಾನಗಳನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಹೋಲ್ಡರ್ ನೋಡುವಾಗ ನಾನು ಕೇಳಿಕೊಂಡದ್ದು ಇಷ್ಟೇ. ಗ್ರೀಸ್ ಮೆತ್ತಿದ ಒಂದೇ ಕೈಯಲ್ಲಿ ಉಪಕರಣ ತೆಗೆಯಲು, ಅದಕ್ಕಿಂತ ಮುಖ್ಯವಾಗಿ ವಾಪಸ್ ಇಡಲು ಆಗುತ್ತದೆಯೇ? ಕೆಲಸ ಮುಗಿಸಿ ಮುಚ್ಚಳ ಹಾಕುವಾಗ ಯಾವುದು ಬಿಟ್ಟುಹೋಗಿದೆ ಅಂತ ಒಂದು ನೋಟಕ್ಕೆ ತಿಳಿಯುತ್ತದೆಯೇ? ಸೋಗೆ, ತರಗೆಲೆ ಬಿದ್ದ ತೋಟದಲ್ಲಿ 10 ಮಿಲಿಮೀಟರಿನ ಸಾಕೆಟ್ ಒಂದು ಸಲ ಕೈತಪ್ಪಿದರೆ ಮುಂದಿನ ಬೇಸಗೆಗೇ ಅದರ ದರ್ಶನ. ಡಬ್ಬ ಅಡ್ಡ ಬಿದ್ದರೂ ಒಳಗಿನದು ಇದ್ದಲ್ಲೇ ಇರಬೇಕು ಎಂಬುದು ಇನ್ನೊಂದು. ಚಂದ ಕಾಣುವುದು ಈ ಪಟ್ಟಿಯಲ್ಲಿ ಇಲ್ಲ.

ಕೊಳ್ಳುವ ಮೊದಲು ಸೈಜುಗಳ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಅಂಗಡಿಯವರು ಅರ್ಧ ಇಂಚು ಡ್ರೈವಿನ (ಎಂದರೆ ರಾಚೆಟ್ ಎಂಬ ತಿರುಗಿಸುವ ಹಿಡಿ ಕೂರುವ ಚೌಕದ ತೂತು ಅರ್ಧ ಇಂಚಿನದು) ಸೆಟ್ ಕೊಟ್ಟರೆ ಅದರಲ್ಲಿ 10ರಿಂದ 32ರವರೆಗೆ ಸಾಕೆಟ್ ಇರುತ್ತವೆ. ಆದರೆ ಪಂಪ್‌ಸೆಟ್ಟು, ಪೈಪಿನ ಫ್ಲ್ಯಾಂಜು, ಮೋಟರಿನ ಬೇಸು ಇಷ್ಟಕ್ಕೆ ಬೇಕಾಗುವುದು ಬೆರಳೆಣಿಕೆಯವು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬೋಲ್ಟುಗಳಲ್ಲಿ 6 ಮಿಲಿಮೀಟರಿನದಕ್ಕೆ 10ರ ಸ್ಪ್ಯಾನರ್, 8ರದಕ್ಕೆ 13, 10ರದಕ್ಕೆ 17, 12ರದಕ್ಕೆ 19, 16ರದಕ್ಕೆ 24. ಜಪಾನ್ ಮೂಲದ ಬೈಕು, ಸ್ಕೂಟರು, ಎಂಜಿನ್ನುಗಳಲ್ಲಿ ತಲೆ ಚಿಕ್ಕದು. ಅಲ್ಲಿ 8, 10, 12, 14, 17 ಓಡುತ್ತವೆ. 11, 15, 16, 18, 20, 23 ಇವೆಲ್ಲ ನನ್ನ ಡಬ್ಬದಲ್ಲಿ ವರ್ಷಕ್ಕೊಮ್ಮೆ ಗಾಳಿ ಕಂಡರೆ ಹೆಚ್ಚು. ಇಪ್ಪತ್ತು ಸಾಕೆಟ್ಟಿಗೂ ಸಮನಾದ ಜಾಗ ಕೊಡುವ ಹೋಲ್ಡರ್ ಕೊಂಡರೆ, ಕೆಲಸ ಮಾಡದವರಿಗೂ ಕುರ್ಚಿ ಹಾಕಿ ಕೂರಿಸಿದ ಹಾಗೆ.

ಸಾಕೆಟ್ಟುಗಳಿಂದ ಶುರು ಮಾಡುತ್ತೇನೆ.

ಗೂಟಗಳಿರುವ ಪ್ಲಾಸ್ಟಿಕ್ ಟ್ರೇ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುತ್ತದೆ. ಒಂದೊಂದು ಸಾಕೆಟ್ಟಿಗೆ ಒಂದೊಂದು ಗೂಟ, ಬುಡದಲ್ಲಿ ಸೈಜಿನ ಅಂಕಿ ದಪ್ಪಕ್ಷರದಲ್ಲಿ. ಖಾಲಿ ಗೂಟ ಕಂಡರೆ ಯಾವುದು ಹೊರಗಿದೆ ಎಂದು ಹೇಳಲು ಕನ್ನಡಕವೂ ಬೇಡ. ಇಡುವುದಂತೂ ಎಲ್ಲಕ್ಕಿಂತ ಸುಲಭ, ಮೇಲಿನಿಂದ ಬಿಟ್ಟರೆ ಕೂರುತ್ತದೆ. ಸಮಸ್ಯೆ ಇರುವುದು ಎತ್ತರದಲ್ಲಿ. ಅರ್ಧ ಇಂಚು ಡ್ರೈವಿನ ಮಾಮೂಲಿ ಸಾಕೆಟ್ ಸುಮಾರು 38 ಮಿಲಿಮೀಟರ್ ಎತ್ತರ. ಅದರ ಕೆಳಗೆ ಟ್ರೇಯ ತಳ ಸೇರಿದರೆ ತಗಡಿನ ಡಬ್ಬದ ಮೇಲಿನ ಖಾನೆಗೆ ಹಿಡಿಯುವುದಿಲ್ಲ. ಈ ಡಬ್ಬಗಳಲ್ಲಿ ಒಂದು ಟ್ರೇಯ ಮೇಲೆ ಇನ್ನೊಂದು ಬಂದು ಕೂರುತ್ತದೆ. ಒಂದು ಸಾಕೆಟ್ ತಲೆ ಎತ್ತಿದ್ದರೂ ಇಡೀ ಡಬ್ಬ ಮುಚ್ಚಲು ಬಿಡುವುದಿಲ್ಲ. ತಳದ ದೊಡ್ಡ ಖಾನೆಯಲ್ಲಿ ಇಡಬಹುದು, ಆದರೆ ಡಬ್ಬ ಮಗುಚಿದರೆ ಎಲ್ಲವೂ ಗೂಟ ಬಿಟ್ಟು ಕೆಳಗೆ. ಮನೆಯ ಬೆಂಚಿನ ಮೇಲೆ ಇಡುವವರಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಹೊತ್ತು ತಿರುಗುವವರಿಗೆ ಅಲ್ಲ.

ಅಯಸ್ಕಾಂತದ ಹೋಲ್ಡರಿಗೆ ಕುಲುಕಾಟದ ಭಯವಿಲ್ಲ. ಒಳ್ಳೆಯವುಗಳಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಇರುತ್ತದೆ, ಗಟ್ಟಿ ಹಿಡಿತ. ತಗಡಿನ ಡಬ್ಬವಾದರೆ ಹೋಲ್ಡರ್ ತಾನೂ ಖಾನೆಯ ತಳಕ್ಕೆ ಅಂಟಿಕೊಂಡು ಕದಲದೆ ಕೂರುತ್ತದೆ. ಪ್ಲಾಸ್ಟಿಕ್ ಡಬ್ಬದವರಿಗೆ ಈ ಲಾಭವಿಲ್ಲ. ಇಲ್ಲಿಯವರೆಗೆ ಎಲ್ಲ ಸರಿ. ಒಂದು ದಿನ ಪಂಪಿನ ಶಾಫ್ಟಿಗೆ ಗ್ರೈಂಡರ್ ಹಿಡಿದ ಜಾಗದಲ್ಲೇ ಡಬ್ಬ ತೆರೆದಿಟ್ಟುಕೊಂಡು ಕೂತು ನೋಡಿ. ಕಬ್ಬಿಣದ ಪುಡಿ ಹೋಲ್ಡರಿನ ಅಂಚಿಗೆಲ್ಲ ಕಪ್ಪು ಗಡ್ಡ ಬೆಳೆದು ನಿಲ್ಲುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಜರುಗುತ್ತದೆಯೇ ಹೊರತು ಹೋಗುವುದಿಲ್ಲ. ಅಗಲದ ಪ್ಯಾಕಿಂಗ್ ಟೇಪನ್ನು ಒತ್ತಿ ಒತ್ತಿ ಕೀಳಬೇಕು. ಆ ಪುಡಿ ಸಾಕೆಟ್ಟಿನ ಬಾಯಿಗೂ, ಅಲ್ಲಿಂದ ನಟ್ಟಿನ ಮರೆಗೂ ಸೇರುತ್ತದೆ. ಮಳೆಗಾಲದಲ್ಲಿ ಅದೇ ಮೊದಲು ತುಕ್ಕು ಹಿಡಿಯುವುದು. ಅಲ್ಲದೆ ಅಯಸ್ಕಾಂತದ ಮೇಲೆ ಬಹಳ ದಿನ ಕೂತ ಸಾಕೆಟ್ಟಿಗೂ ಸ್ವಲ್ಪ ಸೆಳೆತ ಬಂದಿರುತ್ತದೆ. ಕೈ ಹೋಗದ ಮೂಲೆಗೆ ನಟ್ ಒಯ್ಯಲು ಅದು ಉಪಕಾರವೇ. ನನ್ನ ಮಟ್ಟಿಗೆ ಅಯಸ್ಕಾಂತ ಉಳಿದಿರುವುದು ಬಿಚ್ಚಿದ ನಟ್ಟು ಬೋಲ್ಟು ಹಾಕಿಡುವ ಸ್ಟೀಲಿನ ತಟ್ಟೆಯ ತಳದಲ್ಲಿ ಮಾತ್ರ. ಅಲ್ಲಿ ಅದಕ್ಕೆ ಎದುರಿಲ್ಲ.

ತಿರುಗಿಸಿ ಲಾಕ್ ಮಾಡುವ ಪಟ್ಟಿಯೂ ಬರುತ್ತದೆ. ಸಾಕೆಟ್ ಗೂಟಕ್ಕೆ ಹಾಕಿ ಕಾಲು ಸುತ್ತು ತಿರುವಿದರೆ ಗೂಟದ ತಲೆ ಅಡ್ಡವಾಗಿ ನಿಲ್ಲುತ್ತದೆ, ಪಟ್ಟಿಯನ್ನು ತಲೆಕೆಳಗು ಮಾಡಿ ಝಾಡಿಸಿದರೂ ಬೀಳದು. ಸಾಗಣೆಗೆ ಇದೇ ಶ್ರೇಷ್ಠ. ಆದರೆ ಎಣ್ಣೆ ಕೈಯಲ್ಲಿ ಆ ಕಾಲು ಸುತ್ತು ಬೇಗ ಆಗುವುದಿಲ್ಲ. ನುಣುಪಾದ ಸಾಕೆಟ್ ಜಾರುತ್ತದೆ, ಎರಡನೇ ಕೈ ಬೇಕಾಗುತ್ತದೆ. ಮಣ್ಣಿನ ಕಣ ಹೊಕ್ಕರೆ ಗೂಟ ತಿರುಗುವುದೇ ಇಲ್ಲ. ಹೀಗಾದಾಗ ಮನುಷ್ಯ ಏನು ಮಾಡುತ್ತಾನೆ? ಸಾಕೆಟ್ಟನ್ನು ಹಾಗೇ ಡಬ್ಬದೊಳಗೆ ಎಸೆಯುತ್ತಾನೆ. ವಾಪಸ್ ಇಡಲು ಬೇಸರ ತರಿಸುವ ಹೋಲ್ಡರ್ ಎಷ್ಟು ಗಟ್ಟಿ ಇದ್ದರೇನು.

ಉಳಿದದ್ದು ಹಳೆಯ ಕ್ಲಿಪ್ ಪಟ್ಟಿ. ಅಂಚು ಒಳಗೆ ಮಡಚಿದ ತಗಡಿನ ಪಟ್ಟಿ, ಅದರಲ್ಲಿ ಜಾರುವ ಸ್ಪ್ರಿಂಗ್ ಕ್ಲಿಪ್ಪುಗಳು. ಕ್ಲಿಪ್ಪಿನ ಎರಡು ಎಸಳು ಸಾಕೆಟ್ಟಿನ ಚೌಕದ ತೂತಿನೊಳಗೆ ಹೋಗಿ ಅಗಲಿಸಿಕೊಳ್ಳುತ್ತವೆ. ಸ್ವಲ್ಪ ಓಲಾಡಿಸಿ ಎಳೆದರೆ ‘ಟಕ್’ ಎಂದು ಬರುತ್ತದೆ, ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಆ ಶಬ್ದವೇ ರಸೀದಿ, ಕಣ್ಣು ಕೆಲಸದ ಮೇಲಿದ್ದರೂ ಕಿವಿಗೆ ಗೊತ್ತಾಗುತ್ತದೆ. ಪಟ್ಟಿಯನ್ನು ಮಗ್ಗುಲಾಗಿ ಮಲಗಿಸಬಹುದು ಎಂಬುದು ಇದರ ದೊಡ್ಡ ಗುಣ. ಮಲಗಿದಾಗ ಬೇಕಾಗುವ ಎತ್ತರ ಸಾಕೆಟ್ಟಿನ ದಪ್ಪದಷ್ಟೇ. 24ರದು ಸುಮಾರು 33 ಮಿಲಿಮೀಟರ್ ದಪ್ಪ, ಮೇಲಿನ ಖಾನೆಯೊಳಗೆ ಆರಾಮವಾಗಿ ಮುಚ್ಚಿಕೊಳ್ಳುತ್ತದೆ. ಮೋಟರ್ ಬಿಚ್ಚಲು ಕೆರೆಯ ಬದುವಿಗೆ ಹೋಗುವಾಗ ಇಡೀ ಡಬ್ಬ ಬೇಡ, ಪಟ್ಟಿಯೊಂದನ್ನು ರಾಚೆಟ್ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು.

ಕುಂದು ಇಲ್ಲವೇ? ಇದೆ. ಸೈಜಿನ ಅಂಕಿ ಪಟ್ಟಿಯ ಮೇಲೆ ಇರುವುದಿಲ್ಲ, ಪೇಂಟ್ ಮಾರ್ಕರಿನಲ್ಲಿ ನಾವೇ ಬರೆಯಬೇಕು. ಕ್ಲಿಪ್ಪುಗಳು ಜಾರಿ ಜಾರಿ ಒಂದು ಕಡೆ ಗುಂಪುಗೂಡುತ್ತವೆ, ಆಗ ಬರೆದ ಅಂಕಿಗೂ ಕೂತ ಸಾಕೆಟ್ಟಿಗೂ ಸಂಬಂಧ ತಪ್ಪುತ್ತದೆ. ಇದಕ್ಕೆ ಪ್ರತಿ ಕ್ಲಿಪ್ಪಿನ ಎರಡೂ ಬದಿಗೆ ಪಟ್ಟಿಯ ಅಂಚನ್ನು ಪ್ಲೈಯರಿನಲ್ಲಿ ಸ್ವಲ್ಪ ಚಿವುಟಿದರೆ ಸಾಕು, ಕ್ಲಿಪ್ ಅಲ್ಲೇ ನಿಲ್ಲುತ್ತದೆ. ಕಾಲ ಕಳೆದಂತೆ ಎಸಳು ಸಡಿಲವಾಗುತ್ತದೆ, ಸ್ಕ್ರೂ ಡ್ರೈವರ್ ತುದಿ ತೂರಿಸಿ ಅಗಲಿಸಿದರೆ ಮತ್ತೆ ಹಿಡಿತ ಬರುತ್ತದೆ. ಪ್ಲಾಸ್ಟಿಕ್ ಪಟ್ಟಿ ಅಗ್ಗ, ತುಕ್ಕೂ ಹಿಡಿಯದು, ಆದರೆ ದೊಡ್ಡ ಸಾಕೆಟ್ಟುಗಳ ಭಾರಕ್ಕೆ ಬಾಗುತ್ತದೆ. ಲೋಹದ್ದನ್ನೇ ತೆಗೆದುಕೊಳ್ಳಿ. ಅಂಗಡಿಗೆ ನಿಮ್ಮದೇ ಸಾಕೆಟ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅರ್ಧ ಇಂಚಿನ ಚೌಕ ಎಂದರೆ 12.7 ಮಿಲಿಮೀಟರ್, 3/8ರದು 9.5. ಒಂದರ ಕ್ಲಿಪ್ ಇನ್ನೊಂದಕ್ಕೆ ಕೂರುವುದಿಲ್ಲ, ಪ್ಯಾಕೆಟ್ಟಿನ ಮೇಲೆ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಫೋಮಿನ ವಿಷಯಕ್ಕೆ ಬರೋಣ, ಯಾಕೆಂದರೆ ಅತಿ ಹೆಚ್ಚು ಹೊಗಳಿಕೆ ಅದಕ್ಕೇ. ಎರಡು ಬಣ್ಣದ ಪದರವಿರುವ ಫೋಮಿನಲ್ಲಿ ಉಪಕರಣದ ಆಕಾರಕ್ಕೆ ಗುಂಡಿ ಕೊರೆದು ಮಲಗಿಸುವುದು. ತೆಗೆದಾಗ ಕೆಳಗಿನ ಬಣ್ಣ ಕಂಡು ಜಾಗ ಖಾಲಿ ಎಂದು ಕೂಗಿ ಹೇಳುತ್ತದೆ. ವಿಮಾನ ರಿಪೇರಿಯ ಹ್ಯಾಂಗರುಗಳಲ್ಲಿ ಈ ಪದ್ಧತಿ ನಡೆಯುವುದಕ್ಕೆ ಕಾರಣವಿದೆ. ಎಂಜಿನ್ನಿನೊಳಗೆ ಒಂದು ಸ್ಪ್ಯಾನರ್ ಮರೆತುಬಂದರೆ ಜೀವಕ್ಕೇ ಕುತ್ತು. ಬಿಟ್ಟದ್ದು ಗೊತ್ತಾಗಬೇಕು ಎಂಬ ಒಂದೇ ಮಾನದಂಡ ಇಟ್ಟುಕೊಂಡರೆ ಫೋಮನ್ನು ಯಾವುದೂ ಮೀರಿಸದು.

ನಮ್ಮ ತೋಟದಲ್ಲಿ ಮಾತ್ರ ಅದು ಸೋಲುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಸ್ಪ್ರೇಯರ್ ರಿಪೇರಿ ಎಂದರೆ ಕೈ, ಸ್ಪ್ಯಾನರ್ ಎಲ್ಲ ನೀಲಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಗಿದೆಯೇ ನೋಡಲು ಹೊಳೆಯುವ ಚೂರಿ ಅದ್ದುತ್ತೇವಲ್ಲ, ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಬಣ್ಣ ಕೂರುತ್ತದೆ. ಸುಣ್ಣ ಬೀಳದ ಮೈಲುತುತ್ತಿನ ನೀರು ತಾಗಿದರೆ ಕ್ರೋಮ್ ಎದ್ದುಹೋದ ಸ್ಪ್ಯಾನರಿಗೂ ಅದೇ ಗತಿ: ತಾಮ್ರ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಇಂಥ ಸ್ಪ್ಯಾನರನ್ನು ಅವಸರದಲ್ಲಿ ಒರೆಸಿ ಫೋಮಿನ ಗುಂಡಿಯಲ್ಲಿ ಮಲಗಿಸಿದರೆ ಫೋಮ್ ನೀರು ಕುಡಿಯುವುದಿಲ್ಲ ನಿಜ, ಆದರೆ ಗುಂಡಿಯ ತಳದಲ್ಲಿ ನಿಂತ ತೇವ ಎಲ್ಲಿಗೂ ಹೋಗುವುದಿಲ್ಲ. ಮೇಲೆ ನೋಡಿದರೆ ಥಳಥಳ, ಎತ್ತಿ ತಿರುಗಿಸಿದರೆ ಬೆನ್ನೆಲ್ಲ ಕೆಂಪು. ಜಾಗವೂ ಬಹಳ ತಿನ್ನುತ್ತದೆ, ಅಂಗೈ ಅಗಲದ ಟ್ರೇಯಲ್ಲಿ ನಾಲ್ಕು ಸ್ಪ್ಯಾನರಿಗೆ ಹಾಸಿಗೆ ಹಾಕಿದರೆ ಮುಗಿಯಿತು. ವರ್ನಿಯರ್ ಕ್ಯಾಲಿಪರ್, ಟಾರ್ಕ್ ರೆಂಚ್ ಥರದ, ಪೆಟ್ಟು ಬೀಳಬಾರದ, ಮನೆಯಲ್ಲೇ ಇರುವ ಉಪಕರಣಕ್ಕೆ ಕಣ್ಣುಮುಚ್ಚಿ ಫೋಮ್ ಹಾಕಿ.

ಇನ್ನು ಸ್ಪ್ಯಾನರುಗಳು. ಆನ್‌ಲೈನಿನಲ್ಲಿ ಸಿಗುವ ಹಲ್ಲು ಹಲ್ಲಿನ ಪ್ಲಾಸ್ಟಿಕ್ ರ‍್ಯಾಕ್ ಒಂದು ತುದಿ ರಿಂಗ್, ಇನ್ನೊಂದು ತುದಿ ಬಾಯಿ ಇರುವ ಕಾಂಬಿನೇಷನ್ ಸ್ಪ್ಯಾನರುಗಳ ಲೆಕ್ಕದಲ್ಲಿ ಮಾಡಿದ್ದು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು 6-7ರಿಂದ 20-22ರವರೆಗಿನ ಎಂಟರ ಡಬಲ್ ಎಂಡ್ ಸೆಟ್ಟು. ಸಣ್ಣವು ಹಲ್ಲಿನ ನಡುವೆ ಅಲುಗಾಡುತ್ತವೆ, ದೊಡ್ಡವನ್ನು ಬಲವಂತದಿಂದ ತೂರಿಸಬೇಕು. ಕುತ್ತಿಗೆ ಬಗ್ಗಿದ ರಿಂಗ್ ಸ್ಪ್ಯಾನರ್ ಅಂತೂ ರ‍್ಯಾಕಿನಲ್ಲಿ ಒಂದಕ್ಕೊಂದು ತಲೆ ತಾಗಿಸಿಕೊಂಡು ನಿಲ್ಲುತ್ತದೆ, ಎತ್ತರವೂ ಹೆಚ್ಚಾಗಿ ಮುಚ್ಚಳ ಮತ್ತೆ ಮುನಿಸಿಕೊಳ್ಳುತ್ತದೆ. ಅಯಸ್ಕಾಂತದ ಪಟ್ಟಿಯಲ್ಲಿ ಉದ್ದದ ಸ್ಪ್ಯಾನರ್ ಗುಂಡಿ ರಸ್ತೆಯ ಮೊದಲ ಜಿಗಿತಕ್ಕೇ ಓರೆಯಾಗುತ್ತದೆ. ರಿಂಗುಗಳನ್ನೆಲ್ಲ ಜಿ.ಐ. ತಂತಿಗೆ ಪೋಣಿಸಿಡುವವರನ್ನು ನೋಡಿರುತ್ತೀರಿ. ಕಳೆದುಹೋಗದು, ಖರ್ಚಿಲ್ಲ, ಆದರೆ ನಡುವಿನದು ಬೇಕೆಂದರೆ ಮುಂದಿನವನ್ನೆಲ್ಲ ಬಿಚ್ಚಬೇಕು.

ಕೊನೆಗೆ ಗೆದ್ದದ್ದು ಸುರುಳಿ, ಎಂದರೆ ಸ್ಪ್ಯಾನರಿಗೊಂದು ಕಿಸೆ ಹೊಲಿದು ಸುತ್ತಿಡುವ ಬಟ್ಟೆ. ಬೈಕ್ ಸೀಟ್ ಹೊಲಿಯುವವರ ಹತ್ತಿರ ಸ್ಪ್ಯಾನರ್ ಸೆಟ್ ಸಮೇತ ಹೋದೆ. “ಕ್ಯಾನ್ವಾಸ್ ಬೇಡ ಅಣ್ಣ, ಒಮ್ಮೆ ಒದ್ದೆಯಾದರೆ ಮಳೆಗಾಲ ಮುಗಿಯುವವರೆಗೆ ಒಣಗಲಿಕ್ಕಿಲ್ಲ” ಎಂದರು. ಅದು ಸರಿಯಾದ ಮಾತು. ದಪ್ಪ ಹತ್ತಿಯ ಕ್ಯಾನ್ವಾಸ್ ಒಣ ಊರಿನವರಿಗೆ, ವಿಜಯಪುರ, ಬಳ್ಳಾರಿ ಕಡೆಯವರಿಗೆ ಚೆನ್ನ, ಹೊಲಿಗೆ ಹರಿಯದೆ ಬಹಳ ಕಾಲ ಬರುತ್ತದೆ. ನಮಗೆ ರೆಕ್ಸಿನ್. ಗ್ರೀಸಾಗಲಿ ಬೋರ್ಡೋ ಆಗಲಿ ಒಂದು ಒರೆಸಿಗೆ ಹೋಗುತ್ತದೆ. ಕಿಸೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ, ಚಿಕ್ಕದಕ್ಕೆ ಗಿಡ್ಡ, ದೊಡ್ಡದಕ್ಕೆ ಉದ್ದ ಹೊಲಿಸಿದೆ. ಸೈಜು ಓದುವಷ್ಟು ತಲೆ ಹೊರಗಿರಬೇಕು. ಪ್ರತಿ ಕಿಸೆಯ ತಳದಲ್ಲಿ ನೀರಿಳಿಯಲು ಒಂದು ಕಣ್ಣು. ಮೇಲಿನಿಂದ ಮಡಚುವ ಒಂದು ಮುಚ್ಚುಪಟ್ಟಿ, ಇಲ್ಲದಿದ್ದರೆ ಸುರುಳಿ ತಲೆಕೆಳಗಾದಾಗ ಎಲ್ಲ ಉದುರುತ್ತವೆ. ಬಟ್ಟೆ, ಹೊಲಿಗೆ ಸೇರಿ ಆನ್‌ಲೈನ್ ರ‍್ಯಾಕಿನ ಅರ್ಧ ಬೆಲೆಯೂ ಆಗಲಿಲ್ಲ.

ತೋಟದಲ್ಲಿ ಇದನ್ನು ಬಿಡಿಸಿ ಹಾಸಿದರೆ ಅದೇ ಚಾಪೆ. ಬಿಚ್ಚಿದ ವಾಷರ್, ಸ್ಪ್ಲಿಟ್ ಪಿನ್ ಅದರ ಮೇಲೇ ಇರುತ್ತವೆ, ತರಗೆಲೆಯ ಪಾಲಾಗುವುದಿಲ್ಲ. ಎದ್ದು ಸುತ್ತುವಾಗ ಖಾಲಿ ಕಿಸೆ ಬೆರಳಿಗೇ ಸಿಗುತ್ತದೆ. ರೆಕ್ಸಿನ್ ಉಸಿರಾಡುವುದಿಲ್ಲವಾದ್ದರಿಂದ ಒದ್ದೆ ಸ್ಪ್ಯಾನರ್ ಸುತ್ತಿಟ್ಟರೆ ಇಲ್ಲೂ ತುಕ್ಕು ಬರುತ್ತದೆ. ಮಳೆಗಾಲದಲ್ಲಿ ಸಂಜೆ ಶೆಡ್ಡಿನಲ್ಲಿ ಸುರುಳಿ ಬಿಚ್ಚಿ ಮೊಳೆಗೆ ನೇತುಹಾಕಿ, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತೇನೆ. ಫೋಮಿಗೆ ಈ ಸವಲತ್ತು ಇಲ್ಲ.

ಈಗ ಡಬ್ಬದ ವ್ಯವಸ್ಥೆ ಹೀಗಿದೆ. ಮೇಲಿನ ಎಡ ಟ್ರೇಯಲ್ಲಿ ಒಂದು ಲೋಹದ ಕ್ಲಿಪ್ ಪಟ್ಟಿ, ಅದರಲ್ಲಿ 10, 12, 13, 14, 17, 19, 24. ಉಳಿದ ಸಾಕೆಟ್ಟುಗಳು ಅಂಗಡಿಯವರು ಕೊಟ್ಟ ಪೆಟ್ಟಿಗೆಯಲ್ಲೇ ಮನೆಯಲ್ಲಿವೆ. ತಳದ ಖಾನೆಯಲ್ಲಿ ರೆಕ್ಸಿನ್ ಸುರುಳಿ, ಅದರ ಪಕ್ಕ ರಾಚೆಟ್, ಎಕ್ಸ್‌ಟೆನ್ಷನ್. ಬಲ ಟ್ರೇಯಲ್ಲಿ ಅಯಸ್ಕಾಂತದ ತಟ್ಟೆ. ಇನ್ನೂ ದಾರಿ ಸಿಗದಿರುವುದು ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚುವ ಬಾಕ್ಸ್ ಸ್ಪ್ಯಾನರುಗಳಿಗೆ. ವೀಡ್ ಕಟರಿನ 19, ಪಂಪ್ ಎಂಜಿನ್ನಿನ 21, ಬೈಕಿನ 16, ಮೂರೂ ಉದ್ದದ ಕೊಳವೆಗಳು. ಪಟ್ಟಿಗೆ ಚೌಕದ ತೂತಿಲ್ಲ, ಕಿಸೆಗೆ ದಪ್ಪ ಹೆಚ್ಚು. ಸದ್ಯಕ್ಕೆ ಮೂರನ್ನೂ ಹಳೆ ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿ ಡಬ್ಬದ ಮೂಲೆಯಲ್ಲಿ ತುರುಕಿದ್ದೇನೆ. ಇದಕ್ಕೊಂದು ಒಳ್ಳೆಯ ಹೋಲ್ಡರ್ ಬಳಸಿದವರಿದ್ದರೆ ತಿಳಿಸಿ.