ಡೋಪಮಿನ್ ಅಳೆಯಲು ಮೂರು ಬಗೆಯ ಎಲೆಕ್ಟ್ರೋಡ್: ನನ್ನ ಓಟು ಕಾರ್ಬನ್ ಪೇಸ್ಟ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೈಯಲ್ಲೇ ಅರೆದು ತುಂಬುವ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡೇ ಇಷ್ಟ. ಸ್ಕ್ರೀನ್ ಪ್ರಿಂಟೆಡ್ ಪಟ್ಟಿಗಳ (ಇಂಕಿನಲ್ಲಿ ಎಲೆಕ್ಟ್ರೋಡ್ ಅಚ್ಚು ಹಾಕಿದ ಪಟ್ಟಿಗಳು) ಡಬ್ಬಿಗೆ ದುಡ್ಡು ಸುರಿದ ಮೇಲಂತೂ ಈ ಇಷ್ಟ ಜಾಸ್ತಿಯಾಗಿದೆ.

ಕೆಲಸ ಇಷ್ಟೇ: ಇಂಜೆಕ್ಷನ್ ಆಂಪೂಲ್‌ನಲ್ಲಿ ಡೋಪಮಿನ್ ಎಷ್ಟಿದೆ ಅಂತ ಪಿಎಚ್ 7ರ ಫಾಸ್ಫೇಟ್ ಬಫರ್‌ನಲ್ಲಿ ನೋಡಬೇಕಿತ್ತು. ಪಟ್ಟಿ ನೋಡಲು ಚೆಂದ. ಒಂದು ಅಳತೆಗೆ ಬೇಕಾದ ಮೂರೂ ಎಲೆಕ್ಟ್ರೋಡ್ (ವರ್ಕಿಂಗ್, ರೆಫರೆನ್ಸ್, ಕೌಂಟರ್) ಅದರಲ್ಲೇ ಇವೆ, ಒಂದು ಹನಿ ಸಾಕು, ಉಜ್ಜುವ ಗೋಳಿಲ್ಲ. ಮೊದಲ ದಿನ ಸ್ಟ್ಯಾಂಡರ್ಡ್‌ಗಳು (ಡೋಪಮಿನ್ ಎಷ್ಟಿದೆ ಅಂತ ಗೊತ್ತಿರುವ ದ್ರಾವಣಗಳು) ಚೆನ್ನಾಗೇ ಬಂದವು. ಮಾರನೇ ದಿನ ಸಲೈನ್‌ನಲ್ಲಿ ತೆಳು ಮಾಡಿದ ಸ್ಯಾಂಪಲ್ ಹಾಕಿದರೆ ಪೀಕ್, ಅಂದರೆ ವೋಲ್ಟೇಜ್ ಏರಿಸುತ್ತಾ ಹೋದಾಗ ಕರೆಂಟ್ ಗ್ರಾಫ್‌ನಲ್ಲಿ ಏಳುವ ಡೋಪಮಿನ್‌ನ ತುದಿ, ಬಲಕ್ಕೆ ಸರಿದು ಕೂತಿದೆ! ಇನ್ನೊಂದು ಪಟ್ಟಿ ಹಾಕಿದೆ, ಬಫರ್ ಹೊಸದಾಗಿ ಮಾಡಿದೆ, ಪಿಎಚ್ ಮೀಟರ್ ಮತ್ತೆ ಕ್ಯಾಲಿಬ್ರೇಟ್ ಮಾಡಿದೆ, ಕನೆಕ್ಟರ್ ಬಿಚ್ಚಿ ಒರೆಸಿದೆ, ಏನೂ ಬದಲಾಗಲಿಲ್ಲ. ಮೂರು ದಿನ ಸುಮ್ನೆ ಹೋಯಿತು.

ತಪ್ಪು ಇದ್ದದ್ದು ರೆಫರೆನ್ಸ್‌ನಲ್ಲಿ, ಅಂದರೆ ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್‌ನಲ್ಲಿ. ಪಟ್ಟಿಯ ಮೇಲಿರುವುದು ಸಿಲ್ವರ್-ಸಿಲ್ವರ್ ಕ್ಲೋರೈಡ್ ಇಂಕಿನ ಬರೀ ಒಂದು ಗೆರೆ. ಗಾಜಿನ ಕೊಳವೆಯ ರೆಫರೆನ್ಸ್‌ಗೆ ತನ್ನದೇ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಒಳಗಿರುತ್ತದೆ, ಹೊರಗಿನ ದ್ರಾವಣದ ಬಗ್ಗೆ ಅದು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಗೆರೆಗೆ ಮಾತ್ರ ಸ್ಯಾಂಪಲ್‌ನಲ್ಲಿರುವ ಕ್ಲೋರೈಡೇ ಗತಿ. ಕ್ಲೋರೈಡ್ ಹತ್ತು ಪಟ್ಟಾದರೆ ರೆಫರೆನ್ಸ್ ಸುಮಾರು 59 ಮಿಲಿವೋಲ್ಟ್ ಇಳಿಯುತ್ತದೆ, ಪೀಕ್ ಅಷ್ಟೇ ಮೇಲೆ ಹೋದಂತೆ ಕಾಣುತ್ತದೆ. ನನ್ನ ಬಫರ್‌ನಲ್ಲಿ ಕ್ಲೋರೈಡ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಸಲೈನ್‌ನಲ್ಲಿ 0.154 ಮೋಲಾರ್ ಇದೆ. ಸರಿದದ್ದು ಡೋಪಮಿನ್ ಅಲ್ಲ, ಅಳತೆ ಕೋಲು. ಎಲ್ಲ ದ್ರಾವಣಕ್ಕೂ 0.1 ಮೋಲಾರ್ ಕೆಸಿಎಲ್ ಸೇರಿಸಿದ ಮೇಲೆ ಪೀಕ್ ಬಹುತೇಕ ತೆಪ್ಪಗಾಯಿತು. ಅಷ್ಟರಲ್ಲಿ ಅರ್ಧ ಡಬ್ಬಿ ಖಾಲಿ.

ಎರಡನೆಯದು ಗ್ಲಾಸಿ ಕಾರ್ಬನ್, ಗಾಜಿನಂಥ ಇಂಗಾಲದ ಎಲೆಕ್ಟ್ರೋಡ್. ಗಟ್ಟಿ ಆಸಾಮಿ. ಆದರೆ ಡೋಪಮಿನ್ ಅದರ ಮೇಲೆ ಪದರ ಕಟ್ಟುತ್ತದೆ, ಸ್ಕ್ಯಾನ್‌ನಿಂದ ಸ್ಕ್ಯಾನ್‌ಗೆ ಪೀಕ್ ಕುಗ್ಗುತ್ತದೆ. ಆಮೇಲೆ 0.05 ಮೈಕ್ರಾನ್ ಅಲ್ಯುಮಿನಾ ಹಾಕಿ 8ರ ಅಂಕಿ ಬರೆಯುತ್ತಾ ಉಜ್ಜುತ್ತಿರಬೇಕು. ಅಸಿಟೋನೈಟ್ರೈಲ್‌ನಂಥ ಸಾವಯವ ದ್ರಾವಕದಲ್ಲಿ ಕೆಲಸ ಇದ್ದರೆ ಇದನ್ನೇ ತಗೊಳ್ಳಿ, ಪೇಸ್ಟ್ ಅಲ್ಲಿ ಕರಗಿ ಉದುರಿಹೋಗುತ್ತದೆ.

ಇನ್ನು ನನ್ನ ಪೇಸ್ಟ್. 70 ಭಾಗ ಗ್ರ್ಯಾಫೈಟ್ ಪುಡಿ, 30 ಭಾಗ ಸಿಲಿಕೋನ್ ಎಣ್ಣೆ, ಅಗೇಟ್ ಕಲ್ಲಿನಲ್ಲಿ ಅರ್ಧ ಗಂಟೆ ಅರೆದು ಕೊಳವೆಗೆ ತುಂಬಿದರೆ ಮುಗಿಯಿತು. 1958ರಲ್ಲಿ ಕಾನ್ಸಾಸ್‌ನ ರಾಲ್ಫ್ ಆಡಮ್ಸ್ ಇದನ್ನು ತಂದದ್ದು. ಹನಿಹನಿಯಾಗಿ ಬೀಳುವ ಪಾದರಸದ ಎಲೆಕ್ಟ್ರೋಡ್ ಹಾಗೆ ಇಂಗಾಲವನ್ನೂ ತೊಟ್ಟಿಕ್ಕಿಸಲು ಹೋಗಿ, ಅದು ಆಗದೆ ಸಿಕ್ಕಿದ್ದು ಇದು. ಮೇಲ್ಮೈ ಕೆಟ್ಟರೆ ಹಿಂದಿನಿಂದ ಚೂರು ತಳ್ಳಿ, ಬಟರ್ ಪೇಪರ್ ಮೇಲೆ ನಯ ಮಾಡಿದರೆ ಹೊಸದು ರೆಡಿ. ಒಂದೇ ತಕರಾರು, ನಾನು ತುಂಬಿದ್ದಕ್ಕೂ ಜೂನಿಯರ್ ತುಂಬಿದ್ದಕ್ಕೂ ಕರೆಂಟ್ ಒಂದೇ ಥರ ಬರುವುದಿಲ್ಲ. ಹಾಗಾಗಿ ಒಂದು ಸರಣಿ ಶುರು ಮಾಡಿದರೆ ಕೊನೆವರೆಗೂ ನಾನೇ ತುಂಬುತ್ತೇನೆ.

ಟೆಕ್ನಿಕ್ ವಿಷಯದಲ್ಲಿ ಚರ್ಚೆಯೇ ಇಲ್ಲ: ಪೀಕ್ ಹುಡುಕಲು ಸೈಕ್ಲಿಕ್ (ವೋಲ್ಟೇಜ್ ಏರಿಸಿ ಮತ್ತೆ ಇಳಿಸುವ) ವೋಲ್ಟಾಮೆಟ್ರಿ, ಅಳೆಯಲು ಡಿಫರೆನ್ಷಿಯಲ್ ಪಲ್ಸ್ (ಚಿಕ್ಕ ಪಲ್ಸ್‌ಗಳಲ್ಲಿ ಏರಿಸುವ) ವೋಲ್ಟಾಮೆಟ್ರಿ.

ಉಳಿದ ಪಟ್ಟಿಗಳನ್ನು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಲ್ಯಾಬ್ ಬಿಟ್ಟು ಹೊರಗೆ ಅಳೆಯುವ ಕೆಲಸ ಬಂದರೆ ತೆಗೆಯುತ್ತೇನೆ, ಜೊತೆಗೊಂದು ಕೆಸಿಎಲ್ ಬಾಟಲಿ.